ಬರತೈತಿ, ಬರೂದಿಲ್ಲ

ಗುರುಶಾಂತವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಬಾಯಿ ತೆರೆಯದಂತೆ ಗಲ್ಲದ ಕೆಳಗಿನಿಂದ ಬಿಳಿಯ ಪಟ್ಟಿ ಬಿಗಿಯುತ್ತಿದ್ದಾಗಲೇ ಅವಳ ಮೈದುನ ಗುರುಬಸಪ್ಪ ಹೊಸ್ತಿಲು ದಾಟಿ ಬಂದು ಟ್ರಂಕಿನ ಕೀಲಿ ಕೇಳಿದ.

ಪಟ್ಟಿಯ ಎರಡೂ ತುದಿ ಮಗಳು ನಾಗವ್ವನ ಕೈಯಲ್ಲಿದ್ದವು. ಅವಳು ತಾಯಿಯ ನೆತ್ತಿಯ ಮೇಲೆ ಗಂಟು ಹಾಕಿ ಮುಗಿಸಿದಳು. ಆಮೇಲೆ ತಿರುಗಿದಳು.

"ಯಾವ ಕೀಲಿ, ಕಾಕಾ?"

"ನಿಮ್ಮವ್ವನ ಟ್ರಂಕಿಂದು. ನಿನ್ನ ತಮ್ಮ ಶಿದ್ರಾಮನ ಕಾಗದ ಎಲ್ಲಾ ಅದರಾಗ ಅದಾವ. ಅವು ಇವತ್ತ ಬೇಕು."

"ಮೈ ತೊಳದ ನೀರ ಇನ್ನೂ ಮೋರಿಗೆ ಹರಿಯಾಕತ್ತೈತಿ."

"ಅದಕ್ಕ ಕೇಳಾಕತ್ತೇನಿ. ಹಿರ್‍ಯಾರು ಸೇರ್‍ಯಾರ. ನಾಳೆ ಎಲ್ಲಾರೂ ತಮ್ಮ ತಮ್ಮ ಹಾದಿ ಹಿಡದ ಮ್ಯಾಲ ಯಾರನ್ನ ಹುಡುಕ್ಲಿ?"

ಗುರುಬಸಪ್ಪನ ಧೋತರ, ಅಂಗಿ, ಟೋಪಿ ಎಲ್ಲವೂ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಸಾಂಗ್ಲಿಯ ಪೇಟೆಯಲ್ಲಿ ಅವನದು ಅರಿಶಿನದ ದಲಾಲಿ ಮಾಡುವ ಅಡತಿ ಅಂಗಡಿ. ಈಗ ಖರೀದಿ ಸಂಘದ ಸಂಚಾಲಕನೂ ಹೌದು. ಸಂಘದ ಜೀಪು ಮೀರಜಿನ ಈ ಓಣಿಯ ಬಾಯಿಗೆ ಅಡ್ಡ ನಿಂತು ಬೆಳಗಿನಿಂದ ಯಾರ ಸೈಕಲ್ಲೂ ದಾಟದಂತೆ ಮಾಡಿತ್ತು. ಅದರಲ್ಲಿ ಬಂದ ನಾಲ್ಕು ಮಂದಿ ಹೆಣದ ಮುಖ ನೋಡಿರಲಿಲ್ಲ. ಕಟ್ಟೆಯ ಮೇಲೆ ಕೂತು ಬರುವ ತಿಂಗಳ ಚುನಾವಣೆಯ ಮಾತಾಡುತ್ತಿದ್ದರು.

"ಕೀಲಿ ನನಗ ಗೊತ್ತಿಲ್ಲ" ಎಂದಳು ನಾಗವ್ವ.

ಸುಳ್ಳು. ಮೈ ತೊಳೆಯುವಾಗ ನೆರೆಮನೆಯ ಮುತ್ತವ್ವ ಹೆಣದ ನಡುವಿನ ದಾರ ಬಿಚ್ಚಿ ಕೀಲಿಯನ್ನು ಅವಳ ಅಂಗೈಗೆ ಒತ್ತಿದ್ದಳು. ಅದು ಈಗ ಅವಳ ಕುಪ್ಪಸದೊಳಗಿತ್ತು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಅಸಹ್ಯವಾಯಿತು. ಇದು ಅವ್ವನ ಗುಣ. ತನಗೆ ಅಂಟಿಲ್ಲವೆಂದು ಇಷ್ಟು ವರ್ಷ ಅಂದುಕೊಂಡಿದ್ದಳು.

ಗುರುಬಸಪ್ಪ ಅವಳನ್ನು ಒಂದು ಗಳಿಗೆ ದಿಟ್ಟಿಸಿ ಹೊರಗೆ ಹೋದ. ಅತ್ತಿಗೆಯ ಕಡೆ ಒಮ್ಮೆಯೂ ನೋಡಲಿಲ್ಲ.

ತಾಯಿಯ ಮೊಣಕಾಲಿಗೆ ಒತ್ತಿಕೊಂಡು ಶಿದ್ರಾಮ ಕೂತಿದ್ದ. ಇಪ್ಪತ್ತಮೂರರ ಗಂಡಸು, ಅಗಲ ಹೆಗಲು, ದಪ್ಪ ಮಣಿಕಟ್ಟು, ಹುಡುಗನ ಮುಖ. ಹುಟ್ಟಿದಾಗ ಅತ್ತಿರಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ಬಡಿದ ಮೇಲೆ ಎಷ್ಟೋ ಹೊತ್ತಿಗೆ ಅತ್ತನಂತೆ. ನಿನ್ನೆ ನಸುಕಿನಲ್ಲಿ ಅವ್ವ ಏಳದಿದ್ದಾಗ ಇವನೇ ಸಿತಾರಿನ ಕಾರಖಾನೆಗೆ ನಡೆದು ಹೋಗಿ ಮಾಲಕ ದಾದಾಸಾಬನಿಗೆ "ಅವ್ವ ಏಳವಲ್ಲಳು" ಎಂದು ಹೇಳಿದ್ದ. ದಾದಾಸಾಬ ಬಸ್ಸಿನ ಕಂಡಕ್ಟರನ ಕೈಯಲ್ಲಿ ನಾಗವ್ವನ ಗಂಡನ ಊರು ಸಮಡೋಳಿಗೆ ಸುದ್ದಿ ಮುಟ್ಟಿಸಿದ್ದ.

ಹೊರಗೆ ಮಂದಿ ಹೆಚ್ಚುತ್ತಿದ್ದಂತೆ ಶಿದ್ರಾಮನ ಕಣ್ಣು ಬಾಗಿಲಿಗೂ ಅಕ್ಕನಿಗೂ ನಡುವೆ ಓಡಾಡತೊಡಗಿತು. ಕಡೆಗೆ ಅವನು ಅವಳ ಸೆರಗು ಜಗ್ಗಿದ.

"ಅಕ್ಕಾ, ಇವತ್ತ ನನಗ ಬರತೈತೋ, ಬರೂದಿಲ್ಲೋ?"

ಬಾಗಿಲಲ್ಲಿ ನಿಂತಿದ್ದ ಹೆಂಗಸರಿಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬಳು ಸೆರಗಿನಲ್ಲಿ ನಗು ಮುಚ್ಚಿದಳು. ಆ ಮಾತಿನ ಅರ್ಥ ಆ ಮನೆಯಲ್ಲಿ ಜೀವಂತವಾಗಿದ್ದವರಲ್ಲಿ ನಾಗವ್ವನೊಬ್ಬಳಿಗೇ ಗೊತ್ತಿತ್ತು.

"ಸುಮ್ಮಕ ಕುಂಡರು" ಎಂದಳು.

*

ಕೊಯನಾದ ಭೂಕಂಪ ಆದ ವರ್ಷ ನಾಗವ್ವನಿಗೆ ಹನ್ನೊಂದು, ಶಿದ್ರಾಮನಿಗೆ ಆರು. ಅಪ್ಪ ಮಹಾಲಿಂಗಪ್ಪ ತೀರಿಕೊಂಡಿದ್ದ. ಅಂಗಡಿಯನ್ನು ಗುರುಬಸಪ್ಪ ಸಾಂಗ್ಲಿಗೆ ಒಯ್ದಿದ್ದ. ಅವ್ವನ ಪಾಲಿಗೆ ಉಳಿದದ್ದು ಮನೆಯ ಹಿಂದಿನ ಅರ್ಧ ಮತ್ತು ಸರಿಯಾಗಿ ಮಾತು ಬಾರದ ಮಗ.

ಅವ್ವ ಅಥಣಿ ಕಡೆಯವಳು. ಕನ್ನಡ ನಾಲ್ಕನೇ ಇಯತ್ತೆ ಕಲಿತಿದ್ದಳು. ಮರಾಠಿಯಲ್ಲಿ ಸಂತೆಯ ಮಾತಷ್ಟು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮಗನ ಕಾಗದಗಳೆಲ್ಲ ಮರಾಠಿಯವು. ಮಗಳು ಮರಾಠಿ ಶಾಲೆಯವಳು, ಕನ್ನಡ ಓದಲು ಬಾರದು. ಅದಕ್ಕೆ ಅವ್ವ ಒಂದು ದಾರಿ ಮಾಡಿಕೊಂಡಿದ್ದಳು. ಒಂದೊಂದು ಕಾಗದ ಕೈಗೆ ಬಂದಾಗಲೂ ನಾಗವ್ವ ಅದನ್ನು ಓದಿ ಹೇಳಬೇಕು. ಅವ್ವ ಅದರ ಬೆನ್ನಿಗೆ ಸೀಸದಕಡ್ಡಿಯಿಂದ ಕನ್ನಡದಲ್ಲಿ ಬರೆದುಕೊಳ್ಳಬೇಕು: ಇದು ಹುಟ್ಟಿದ ದಾಖಲೆ. ಇದು ದವಾಖಾನಿ ಚೀಟಿ, ಸಹಿ ಐತಿ, ಶಿಕ್ಕಾ ಇಲ್ಲ. ಈ ಕಾರಕೂನನ್ನ ಊಟಾದ ಮ್ಯಾಲ ಕೇಳಬೇಕು, ಮೊದಲ ಕೇಳಿದ್ರ ಸಿಟ್ಟಿಗೇಳತಾನ. ಹೀಗೆ ಎಲ್ಲದಕ್ಕೂ. ನಾಗವ್ವನ ಆಟದ ಹೊತ್ತೆಲ್ಲ ಅದರಲ್ಲೇ ಹೋಯಿತು.

ಬರೆದ ಮೇಲೆ ಕಾಗದ ಚೀಲಕ್ಕೆ. ಚೀಲ ಎರಡಿದ್ದವು. ಹಸಿರು ಚೀಲದಲ್ಲಿ, ಹುಡುಗನಿಗೆ ಬರುತ್ತದೆ ಎನ್ನುವ ಕಾಗದಗಳು. ಕೆಂಪು ಚೀಲದಲ್ಲಿ, ಬರುವುದಿಲ್ಲ ಎನ್ನುವ ಕಾಗದಗಳು.

ಆ ವರ್ಷ ಒಂದು ಸೋಮವಾರ ಮೂವರೂ ಇಂಥ ಮಕ್ಕಳಿಗೆಂದೇ ತೆರೆದ ಹೊಸ ಶಾಲೆಗೆ ಹೋದರು. ಕಲಿಯುವ ಶಕ್ತಿ ಇದ್ದವರನ್ನಷ್ಟೇ ತೆಗೆದುಕೊಳ್ಳುತ್ತೇವೆಂದು ಅಲ್ಲಿನ ಶಿಕ್ಷಕಿ ಬಾಯಿಯವರು ಮೊದಲೇ ಹೇಳಿದ್ದರು. ಮೆಟ್ಟಿಲ ಮೇಲೆ ಅವ್ವ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: "ಇವತ್ತ ನಿನಗ ಎಲ್ಲಾ ಬರತೈತಿ. ತಿಳೀತ?" ಶಿದ್ರಾಮ ಮರದ ತುಂಡು ಒಂದರ ಮೇಲೊಂದು ಏರಿಸಿದ. ತನ್ನ ಹೆಸರು ಹೇಳಿದ. ಬಾಯಿಯವರು ಸಹಿ ಹಾಕಿದರು.

ಅದೇ ಗುರುವಾರ ಸಾಂಗ್ಲಿಯಲ್ಲಿ ಸರಕಾರಿ ಡಾಕ್ಟರ ಮುಂದೆ ನಿಲ್ಲಬೇಕಿತ್ತು. ತಿಂಗಳ ಸಹಾಯ ಸಿಗಬೇಕಾದರೆ ಹುಡುಗ ಏನೂ ಮಾಡಲಾರ ಎಂದು ಅವರು ಬರೆಯಬೇಕು. ವರಾಂಡದಲ್ಲಿ ಅವ್ವ ಮತ್ತೆ ಮುಖ ಹಿಡಿದಳು: "ಇವತ್ತ ನಿನಗ ಏನೂ ಬರೂದಿಲ್ಲ. ಬಾಯಿ ಬಿಡು. ಹಾಂ, ಹಂಗ. ಜೊಲ್ಲ ಸುರೀಲಿ, ಒರಸಬ್ಯಾಡ."

ಒಳಗೆ ಮಾತಾಡಬೇಕಾದವಳು ನಾಗವ್ವ. "ತ್ಯಾಲಾ ಕಾಹೀಚ ಯೇತ ನಾಹೀ" ಎಂದಳು, ಅವನಿಗೆ ಏನೇನೂ ಬರುವುದಿಲ್ಲ ಎಂದು. ಡಾಕ್ಟರು ಮೇಜಿನ ಮೇಲೆ ಪೆನ್ಸಿಲು ಉರುಳಿಸಿದರು. ಶಿದ್ರಾಮ ಸುಮ್ಮನಿದ್ದ. ಕಡೆಗೆ, ಎಲ್ಲ ಮುಗಿದು ಎದ್ದು ನಿಂತಾಗ, ಮೂರು ದಿನದ ಹಿಂದಿನ ಶಾಬಾಸಗಿರಿ ನೆನಪಾಗಿ ನಗುತ್ತ ತನ್ನ ಹೆಸರು ಹೇಳಿಬಿಟ್ಟ. ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ.

ಡಾಕ್ಟರು ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡರು. ಅದಕ್ಕಾಗಿ ಮತ್ತೆ ನಾಲ್ಕು ಸಲ ಅಲೆಯಬೇಕಾಯಿತು. ಆ ದಿನ ಹೊರಗೆ ಬೇವಿನ ಗಿಡದ ಕೆಳಗೆ ಅವ್ವ ಅವನ ದವಡೆಗೆ ಹೊಡೆದಳು. ಹೆಸರು ಹೇಳಿದ್ದಕ್ಕೆ ಹೊಡೆದಳು. ಶಿದ್ರಾಮ ಅಳದೆ, ಹೊಡೆತಕ್ಕೆ ಕಾರಣ ಹುಡುಕುವವನಂತೆ ಅವಳನ್ನೇ ನೋಡಿದ. ಅಂದಿನಿಂದ ಯಾವ ಕಚೇರಿಯ ಮೆಟ್ಟಿಲು ಕಂಡರೂ ಅವನು ಮೊದಲು ಕೇಳುವುದು ಅದೇ ಪ್ರಶ್ನೆ: ಇವತ್ತ ನನಗ ಬರತೈತೋ, ಬರೂದಿಲ್ಲೋ?

ಆ ಕಚೇರಿಯ ಕಾರಕೂನನ ಮಗಳು ನಾಗವ್ವನ ವರ್ಗದವಳು. ಮರುದಿನದಿಂದ ಶಾಲೆಯಲ್ಲಿ ಅವಳ ಹೆಸರು 'ಯೇಡ್ಯಾಚೀ ಬಹೀಣ', ಹುಚ್ಚನ ತಂಗಿ. ಅಕ್ಕ ಎಂದು ತಿದ್ದುವ ಉಮೇದು ಕೂಡ ಅವಳಿಗೆ ಉಳಿಯಲಿಲ್ಲ.

"ನೀ ಅವಗ ಜೊಲ್ಲ ಸುರಸೂದು ಕಲಸ್ತಿ" ಎಂದು ಆ ರಾತ್ರಿ ಊಟಕ್ಕೆ ಕೂತಾಗ ಅಂದಳು.

"ಹೌದು, ಕಲಸ್ತೇನಿ" ಎಂದಳು ಅವ್ವ. "ಒಬ್ಬರು ಬರತೈತಿ ಅಂದ್ರ ಒಳಗ ಬಿಡತಾರ, ಇನ್ನೊಬ್ಬರು ಬರೂದಿಲ್ಲ ಅಂದ್ರ ಬಿಡತಾರ. ಆ ಕಾಯ್ದೆ ನಾ ಮಾಡೇನೇನ? ರೊಟ್ಟಿ ತಿನ್ನು."

*

ಅಂಗಳದಲ್ಲಿ ಹೆಂಗಸರು ಹೆಣದ ಎದುರಿಗೇ ಮಾತಾಡುತ್ತಿದ್ದರು. ದನಿ ತಗ್ಗಿಸುವ ಗೋಜಿಗೂ ಹೋಗಿರಲಿಲ್ಲ.

"ಒಂದ ದಿನ ಕುಂದ್ರು ಅಂದಾಕಿ ಅಲ್ಲ, ಚಾ ಕುಡಿ ಅಂದಾಕಿ ಅಲ್ಲ. ಎದುರಿಗೆ ಸಿಕ್ರ ಸಾಕು, ಸಾಕ್ಷಿಗೆ ಸಹಿ ಹಾಕು ಅಂತಿದ್ಲು."

"ನಮ್ಮ ಮನ್ಯಾವರು ಇಕೀನ್ನ ಕಂಡ್ರ ಹಿತ್ತಲ ಬಾಗಲಾ ಹಿಡೀತಿದ್ರು."

"ಮಗಳ ನೋಡು. ಕಣ್ಣಾಗ ಒಂದ ಹನಿ ನೀರಿಲ್ಲ. ಇಷ್ಟ ದಿನ ಎಲ್ಲಿದ್ಲಂತ?"

"ಸಮಡೋಳ್ಯಾಗ. ಹತ್ತ ಹರದಾರಿ ಅಲ್ಲ, ಇಲ್ಲೇ."

ಮುತ್ತವ್ವ ಹೂವಿನ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. "ನಿಮ್ಮ ಮಾತ ಮುಗದಿದ್ರ ಹೂ ಕಟ್ರಿ" ಎಂದಳು.

ಮಠದ ಅಯ್ಯನವರು ಬಂದು ಹೆಣದ ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇರಿಸಿದರು. ವಯಸ್ಸಾದವರು, ಕಡಿಮೆ ಮಾತಿನವರು. ಕೆಲಸ ಮುಗಿಸಿ ಕೇಳಿದರು:

"ಕುಣಿಯಾಗ ಇಳಿಯಾವ್ರು ಯಾರು? ಆಕೀನ್ನ ಗೂಡಿನಾಗ ಕುಂಡ್ರಸಬೇಕು. ಗಟ್ಟಿ ಕೈ ಬೇಕು."

"ನನ್ನ ಮಗ ದಿಲೀಪ ಇಳೀತಾನ" ಎಂದ ಗುರುಬಸಪ್ಪ. "ಮನಿತನದಾಗ ಶಾಣ್ಯಾ ಅಂದ್ರ ಅವನೊಬ್ಬ."

ದಾದಾಸಾಬ ಕಂಬಕ್ಕೆ ಒರಗಿ ನಿಂತಿದ್ದ. ಅವನ ಉಗುರುಗಳ ಸಂದಿಯಲ್ಲಿ ಅರಗಿನ ಕಂದು ಬಣ್ಣ. "ಮಗ ಇದ್ದಾನಲ್ಲರಿ" ಎಂದ ಮೆಲ್ಲಗೆ.

"ಮಗ? ಅವಗೇನ ಬರತೈತಿ? ಕುಣ್ಯಾಗ ಬಿದ್ದು ಎರಡ ಹೆಣ ಆದ್ರ ನೀ ಹೊರತಿಯೇನ?"

ಸಂಘದವರು ನಕ್ಕರು. ನಾಗವ್ವನಿಗೆ ಅವ್ವನ ಮೇಲಿದ್ದ ಸಿಟ್ಟು ಹಾಗೇ ಇತ್ತು. ಅದರ ಮೇಲೆ ಇನ್ನೊಂದು ಸಿಟ್ಟು ಏರಿತು. ಅವಳು ಬಾಗಿಲಿಗೆ ಬಂದು, ಕಟ್ಟೆಯ ಕೊನೆಯವನಿಗೂ ಕೇಳುವಂತೆ ಹೇಳಿದಳು:

"ಬರತೈತಿ. ಅವಗ ಎಲ್ಲಾ ಬರತೈತಿ. ಅವನ ಇಳೀತಾನ."

ಗುರುಬಸಪ್ಪ ಟೋಪಿ ಸರಿಪಡಿಸಿಕೊಂಡ. ಅವನ ಮುಖದಲ್ಲಿ ಸಿಟ್ಟು ಬರಬೇಕಾದಲ್ಲಿ ಏನೋ ಲೆಕ್ಕ ಹಾಕುವ ಶಾಂತಿ ಬಂತು. "ಎಲ್ಲಾ ಬರತೈತಿ ಅಂತೀ. ಆತು." ಕಟ್ಟೆಯ ಕಡೆ ತಿರುಗಿದ. "ಎಲ್ಲಾರೂ ಕೇಳೀರಲ್ಲ? ನೆನಪಿಡ್ರಿ."

ಮಗ ದಿಲೀಪನ ಕಿವಿಯಲ್ಲಿ ಏನೋ ಹೇಳಿ ಅವನನ್ನು ಮನೆಯಲ್ಲೇ ಬಿಟ್ಟು ಮುಂದೆ ನಡೆದ.

ರುದ್ರಭೂಮಿಯ ದಾರಿಯಲ್ಲಿ ಗಂಡ ಅಪ್ಪಾಸಾಬ ನಾಗವ್ವನ ಪಕ್ಕಕ್ಕೆ ಬಂದ. ಅವಳಿಗಿಂತ ಬಹಳ ದೊಡ್ಡವನು. ಬೆಳಗಿನಿಂದ ಅವಳೊಡನೆ ಮಾತಾಡಿರಲಿಲ್ಲ, ಗುರುಬಸಪ್ಪನೊಡನೆ ಮೂರು ಸಲ ಎಲೆ ಅಡಿಕೆ ಹಾಕಿದ್ದ.

"ನಿನ್ನ ಕಾಕಾ ಮಾತ ಕೊಟ್ಟಾನ" ಎಂದ. "ಸಕ್ಕರಿ ಕಾರ್ಖಾನಿಯವರು ಬರೋ ವಾರ ನಮ್ಮ ಕಬ್ಬ ಕಡೀತಾರ. ಆತನ ಮಾತ ಅಲ್ಲಿ ನಡೀತೈತಿ."

"ಕಬ್ಬಿನ ಮಾತ ಈಗ್ಯಾಕ?"

"ನಿಂತ ಕಬ್ಬ ಒಣಗಾಕತ್ತೈತಿ, ಅದಕ್ಕ. ಆತ ಒಂದ ಕಾಗದ ತರತಾನ. ನೀ ಸಹಿ ಹಾಕು. ಈ ಮುರಕ ಮನ್ಯಾಗ ನಿನಗೇನ ಐತಿ?"

ಮುಂದೆ ಗುರುಶಾಂತವ್ವ ನಾಲ್ವರ ಹೆಗಲ ಮೇಲೆ ಕೂತು ಹೋಗುತ್ತಿದ್ದಳು. ಹಿಂದಿನಿಂದ ನೋಡಿದರೆ ಯಾವುದೋ ಕಚೇರಿಯ ಬೆಂಚಿನ ಮೇಲೆ ಪಾಳಿ ಕಾಯುತ್ತ ಕೂತಂತೆಯೇ ಕಾಣುತ್ತಿದ್ದಳು.

*

ನಾಗವ್ವನನ್ನು ನೋಡಲು ಮೊದಲು ಬಂದದ್ದು ಜಯಸಿಂಗಪುರದ ಹುಡುಗ. ಬ್ಯಾಂಕಿನಲ್ಲಿ ಕೆಲಸ, ಉದ್ದ ಬೆರಳು, ಮೆಲು ಮಾತು. ಅವಳಿಗೆ ಹತ್ತೊಂಬತ್ತು. ಹಿಂದಿನ ದಿನ ಅವಳು ಅವ್ವನ ಕಾಲು ಹಿಡಿದಿದ್ದಳು: "ನಾಳೆ ಒಂದ ದಿನ ಶಿದ್ರಾಮನ್ನ ಮುತ್ತವ್ವನ ಮನ್ಯಾಗ ಇಡವ್ವಾ. ಒಂದ ದಿನ."

ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ಬೀಗರು ಅವಲಕ್ಕಿ ತಿನ್ನುತ್ತಿದ್ದಾಗ ಒಳಗಿನಿಂದ ಮಗನ ಕೈ ಹಿಡಿದು ಕರೆತಂದು, ಚಾಪೆಯ ನಟ್ಟನಡುವೆ ಕೂರಿಸಿದಳು.

"ಇವ ಆಕಿ ತಮ್ಮ. ನನ್ನ ಹಿಂದ ಇವಗ ಆಕೀನ ದಿಕ್ಕು. ಇವನ್ನ ನೋಡಿ ಒಪ್ಪಾವ್ರಿದ್ರ ಒಪ್ರಿ."

ಅಂದು ಶಿದ್ರಾಮ ಏನೂ ತಪ್ಪು ಮಾಡಲಿಲ್ಲ. ಬಂದವರಿಗೆ ಕೈ ಮುಗಿದ. ಆದರೆ ಹುಡುಗನ ತಾಯಿ ತಾಟನ್ನು ಅರ್ಧಕ್ಕೇ ಇಟ್ಟಳು. ಆಮೇಲೆ ಬಂದ ಸಂಬಂಧಗಳೂ ಹಾಗೇ ತಿರುಗಿ ಹೋದವು. ಕಡೆಗೆ ಒಪ್ಪಿದವನು ಹೆಂಡತಿ ಸತ್ತ ಅಪ್ಪಾಸಾಬ. ಅವನು ಶಿದ್ರಾಮನನ್ನು ನೋಡಿದ, ಅವನ ತೋಳು ನೋಡಿದ, ಹೊಲದ ಕೆಲಸಕ್ಕೆ ಆದಾನು ಅಂದುಕೊಂಡ.

"ನಿನಗ ನಾ ಮಗಳಲ್ಲ" ಎಂದಿದ್ದಳು ನಾಗವ್ವ, ಮದುವೆಯ ಹಿಂದಿನ ದಿನ. "ನಾ ಒಂದ ಕಾಗದ. ಅವನ ಚೀಲದಾಗ ಇಡೂ ಒಂದ ಕಾಗದ."

ಅವ್ವ ಮಗಳ ಸೀರೆಗಳನ್ನು ಮಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅವಳು ಒಂದು ಸಲ ಇಲ್ಲ ಅಂದಿದ್ದರೆ ನಾಗವ್ವ ವರ್ಷಕ್ಕೊಮ್ಮೆಯಾದರೂ ತವರಿಗೆ ಬರುತ್ತಿದ್ದಳೇನೋ. ಬಂದದ್ದು ಬೆರಳಲ್ಲಿ ಎಣಿಸುವಷ್ಟು ಸಲ, ಅದೂ ಒಂದು ರಾತ್ರಿ ನಿಲ್ಲದೆ.

*

ಕುಣಿ ಆಳವಾಗಿತ್ತು, ಅದರ ಒಂದು ಗೋಡೆಯಲ್ಲಿ ಕೂರುವಷ್ಟು ಗೂಡು ಕೊರೆದಿದ್ದರು. ಶಿದ್ರಾಮ ಅಂಚಿನಲ್ಲಿ ನಿಂತು ಅಕ್ಕನ ಕಡೆ ನೋಡಿದ. ನಾಗವ್ವ "ಬರತೈತಿ" ಎಂದಳು. ಅಷ್ಟೇ. ಅವನು ಅಂಗಿ ಕಳಚಿ ದಾದಾಸಾಬನ ಕೈಗೆ ಕೊಟ್ಟು ಕೆಳಗಿಳಿದ.

ಸಿತಾರಿನ ಕಾರಖಾನೆಯಲ್ಲಿ ಅವನ ಕೆಲಸ ಸೋರೆಬುರುಡೆಗಳನ್ನು ತಿಕ್ಕಿ ನುಣುಪು ಮಾಡುವುದು. ಒಣಗಿದ ಬುರುಡೆ ತುಸು ಒತ್ತಿದರೂ ಬಿರಿಯುತ್ತದೆ. ಮೇಲಿನಿಂದ ಇಳಿಸಿದ ತಾಯಿಯನ್ನು ಅವನು ಹಾಗೆಯೇ ಹಿಡಿದ: ಬೆರಳಿನ ತುದಿಯಿಂದಲ್ಲ, ಪೂರ್ತಿ ಅಂಗೈಯಿಂದ. ಗೂಡಿನೊಳಗೆ ಸರಿಸಿ ಕೂರಿಸಿದ. ಕಾಲು ಮಡಿಕೆ ಸಡಿಲವಾಗಿತ್ತು, ಸರಿ ಮಾಡಿದ. ಅಯ್ಯನವರು ಹೇಳಿದ ಹಾಗೆ ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಸುತ್ತ ಇಟ್ಟ, ಬಿಲ್ವಪತ್ರಿ ಇಟ್ಟ. ತಲೆ ಒಂದು ಕಡೆ ವಾಲಿದಾಗ ಅದನ್ನು ಹಿಡಿದುಕೊಂಡು, ಯಾರೂ ಹೇಳದೆಯೇ, ಪಕ್ಕಕ್ಕೆ ಮಣ್ಣಿನ ಹೆಂಟೆ ಕೊಟ್ಟು ನಿಲ್ಲಿಸಿದ.

"ಇಷ್ಟ ವರ್ಷದಾಗ ಅವನ ಕೈಯಾಗ ಒಂದ ಬುರಡಿ ಒಡದಿಲ್ಲ" ಎಂದು ದಾದಾಸಾಬ ಪಕ್ಕದವನಿಗೆ ಹೇಳಿದ. ಪಕ್ಕದವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎಲ್ಲರೂ ಕೆಳಗೆ ನೋಡುತ್ತಿದ್ದರು. ನಾಗವ್ವ ಸೆರಗಿನ ಅಂಚು ಕಚ್ಚಿಕೊಂಡಳು. ಅದು ದುಃಖವೋ, ಇಷ್ಟೆಲ್ಲ ಬರುವವನಿಗೆ ಜೊಲ್ಲು ಸುರಿಸಲು ಕಲಿಸಿದವಳ ಮೇಲಿನ ಕೋಪವೋ, ಅವಳಿಗೇ ತಿಳಿಯಲಿಲ್ಲ.

ಮನೆಗೆ ಮರಳಿದಾಗ ಟ್ರಂಕು ಪಡಸಾಲೆಯ ನಡುವೆ ಇತ್ತು. ಕೊಂಡಿ ಮುರಿದು ನೇತಾಡುತ್ತಿತ್ತು. ದಿಲೀಪ ಕಟ್ಟೆಯ ಮೇಲೆ ಕೂತು ಸುತ್ತಿಗೆಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡಿದ್ದ. ಎರಡೂ ಚೀಲ ಬರಿದಾಗಿದ್ದವು. ಕಾಗದಗಳು ಚಾಪೆಯ ತುಂಬ ಹರಡಿದ್ದವು.

"ಕುಂದ್ರಿ, ಎಲ್ಲಾರೂ ಕುಂದ್ರಿ" ಎಂದ ಗುರುಬಸಪ್ಪ. ಅವನ ಹಿಂದೆ ದಸ್ತಾವೇಜು ಬರೆಯುವ ವಿಠೋಬಾ ಮಸಿಯ ಡಬ್ಬಿ ಹಿಡಿದು ಬಂದ. ಸಾಂಗ್ಲಿ ಕಚೇರಿಯ ಹೊರಗೆ ಗಿಡದ ಕೆಳಗೆ ಕೂರುವ ಮನುಷ್ಯ. ಮರಾಠಿ ಬಿಟ್ಟು ಬೇರೆ ಆಡದವನು.

ಗುರುಬಸಪ್ಪ ಎರಡು ಕಾಗದ ಎತ್ತಿದ, ಒಂದೊಂದು ಕೈಯಲ್ಲಿ ಒಂದು.

"ಇದು ಸಿತಾರ ಮಾಡೂ ಕಾರಾಗೀರರ ಸೊಸಾಯಟಿದು. ಶಿದ್ರಾಮಗ ಕೆಲಸ ಬರತೈತಿ, ಸಹಿ ಬರತೈತಿ, ಅದಕ್ಕ ಸಭಾಸದ ಮಾಡೇವಿ ಅಂತ ಬರದಾರ. ಇದು ಸರಕಾರಿ ಡಾಕ್ಟರದು. ಇವಗ ಏನೂ ತಿಳಿಯೂದಿಲ್ಲ, ತನ್ನ ವ್ಯವಹಾರ ತಾ ನೋಡಲಾರ ಅಂತ ಬರದಾರ. ಒಂದ ವರ್ಷದ ಕಾಗದ ಎರಡೂ. ನಮ್ಮ ವೈನಿ ಹಿಂಗ ಬಾಳೇ ಮಾಡಿದಾಕಿ. ಇವೆರಡನ್ನೂ ಒಂದ ಮೇಜಿನ ಮ್ಯಾಲ ಇಟ್ರ ಏನಾಗತೈತಿ, ದಾದಾಸಾಬ? ನಿನ್ನ ಸೊಸಾಯಟಿ ಏನಾಗತೈತಿ?"

ದಾದಾಸಾಬ ಉಗುರಿನ ಅರಗು ಕೆರೆಯತೊಡಗಿದ.

"ನಾ ಇಡೂದಿಲ್ಲ. ಸತ್ತಾಕಿ ಹೆಸರ ಕೆಡಸೂದು ನನಗ ಬೇಕಾಗಿಲ್ಲ. ನಾಗವ್ವ ನಿಮ್ಮೆಲ್ಲಾರ ಮುಂದ ಹೇಳಿದ್ಲು, ಎಲ್ಲಾ ಬರತೈತಿ ಅಂತ. ಕುಣ್ಯಾಗ ನೀವ ನೋಡೀರಿ. ನನಗೂ ಒಪ್ಪಿಗಿ ಐತಿ. ಬರತೈತಿ ಅಂದ ಮ್ಯಾಲ ಸಹಿ ಹಾಕ್ಲಿ."

ವಿಠೋಬಾ ಛಾಪಾ ಕಾಗದ ಬಿಡಿಸಿದ. ಹಕ್ಕಸೋಡ ಪತ್ರ: ಈ ಮನೆಯ ಹಿಂದಿನ ಅರ್ಧದಲ್ಲಿ ನಮಗಿರುವ ಹಕ್ಕನ್ನು ನಮ್ಮ ಸಂತೋಷದಿಂದ ಕಾಕಾ ಗುರುಬಸಪ್ಪನವರಿಗೆ ಬಿಟ್ಟುಕೊಟ್ಟಿದ್ದೇವೆ. ಕೆಳಗೆ ಎರಡು ಹೆಸರು, ನಾಗವ್ವ ಮತ್ತು ಶಿದ್ರಾಮ. ಎರಡರ ಮುಂದೂ ಖಾಲಿ ಜಾಗ.

ನಾಗವ್ವ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಬರುತ್ತದೆ ಅಂದರೆ ಸಹಿ ಹಾಕಬೇಕು. ಬರುವುದಿಲ್ಲ ಅಂದರೆ, ಡಾಕ್ಟರ ಕಾಗದ ಕಾಕಾನ ಕೈಯಲ್ಲೇ ಇದೆ. ನಾಳೆ ಕೋರ್ಟಿಗೆ ಹೋಗಿ ಪಾಲಕ ತಾನೇ ಎಂದು ಬರೆಸಿಕೊಂಡಾನು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೂಗಿ ಹೇಳಿದವಳು ತಾನೇ. ಎರಡು ಚೀಲವನ್ನು ಅವ್ವ ಇಷ್ಟು ವರ್ಷ ಯಾಕೆ ಒಂದರ ಹತ್ತಿರ ಒಂದು ಸುಳಿಯಗೊಡಲಿಲ್ಲ ಎಂಬುದು ಈಗ ತಿಳಿದು ಪ್ರಯೋಜನವಿರಲಿಲ್ಲ.

"ಹಾಕು" ಎಂದ ಅಪ್ಪಾಸಾಬ ಹಿಂದಿನಿಂದ.

ವಿಠೋಬಾ ಲೇಖನಿಯನ್ನು ಶಿದ್ರಾಮನ ಬೆರಳಿಗೆ ಹಿಡಿಸಿದ. "ಹಂ, ಕರ ಬಾಳಾ ಸಹೀ" ಎಂದ, ಸಹಿ ಹಾಕು ಮಗಾ ಎಂದು.

ಶಿದ್ರಾಮ ಅಕ್ಕನ ಕಡೆ ನೋಡಿದ. ಅವನು ಕೇಳುತ್ತಾನೆ ಎಂದು ನಾಗವ್ವ ಕಾದಳು. ಕೇಳಿದರೆ ಏನು ಹೇಳುವುದೆಂದು ಅವಳಿಗೆ ಗೊತ್ತಿರಲಿಲ್ಲ.

ಅವನು ಕೇಳಲಿಲ್ಲ. ಅಕ್ಕನಿಂದ ಕಣ್ಣು ತೆಗೆದು ಕಾಕಾನನ್ನು ನೋಡಿದ, ಮುರಿದ ಕೊಂಡಿಯನ್ನು ನೋಡಿದ, ಚಾಪೆಯ ಮೇಲೆ ಚೆಲ್ಲಿದ ಕಾಗದಗಳನ್ನು ನೋಡಿದ. ಆಮೇಲೆ ಅವನ ಕೆಳತುಟಿ ಜೋತುಬಿತ್ತು. ಕುತ್ತಿಗೆ ಸಡಿಲಾಯಿತು. ಬಾಯಿಯ ಮೂಲೆಯಿಂದ ಜೊಲ್ಲು ಇಳಿದು ಗಲ್ಲಕ್ಕೆ ಬಂತು, ಅಲ್ಲಿಂದ ಎದೆಗೆ. ಲೇಖನಿ ಬೆರಳಿನಿಂದ ಜಾರಿ ಛಾಪಾ ಕಾಗದದ ಮೇಲೆ ಬಿದ್ದು ಮಸಿ ಚೆಲ್ಲಿತು.

"ಹಾ ಸಹೀ ನಾಹೀ ಕರೂ ಶಕತ, ಸಾಹೇಬ" ಎಂದ ವಿಠೋಬಾ, ಇವನಿಂದ ಸಹಿ ಆಗುವುದಿಲ್ಲ ಎಂದು.

"ನಾಟಕ. ಸುಳ್ಳ ನಾಟಕ. ಅವ್ವನ ಹಂಗ ಇವನೂ" ಎಂದ ಗುರುಬಸಪ್ಪ. "ಅಂಗಠಾ ಘ್ಯಾ. ಹೆಬ್ಬಟ್ಟ ಒತ್ತಸ್ರಿ."

ವಿಠೋಬಾ ಮಸಿಯ ಡಬ್ಬಿ ತೆರೆದು ಶಿದ್ರಾಮನ ಬಲಗೈ ಹಿಡಿದ. ಆ ಹೊತ್ತಿಗೆ ಹೆಬ್ಬೆರಳು ಒಳಗೆ ಹೋಗಿ ಅದರ ಮೇಲೆ ನಾಲ್ಕು ಬೆರಳು ಮಡಿಸಿದ್ದವು. ವಿಠೋಬಾ ಬಿಡಿಸಲು ನೋಡಿದ. ದಿಲೀಪ ಸುತ್ತಿಗೆ ಬಿಟ್ಟು ಬಂದ. ಒಬ್ಬ ಮಣಿಕಟ್ಟು ಹಿಡಿದ, ಒಬ್ಬ ಕಿರುಬೆರಳಿನಿಂದ ಶುರುಮಾಡಿದ. ಗುರುಬಸಪ್ಪನೇ ಮೊಣಕಾಲೂರಿ ಎರಡೂ ಕೈ ಹಾಕಿದ. ಟೋಪಿ ಜಾರಿ ಕಾಗದಗಳ ಮೇಲೆ ಬಿತ್ತು. ಶಿದ್ರಾಮ ಜೊಲ್ಲು ಸುರಿಸುತ್ತ, ಎದುರು ಗೋಡೆಯನ್ನು ನೋಡುತ್ತ ಕೂತಿದ್ದ. ತೋಳಿನ ನರ ಎದ್ದು ನಿಂತಿದ್ದವು. ಒಂದು ಬೆರಳೂ ಅಲ್ಲಾಡಲಿಲ್ಲ. ಪಡಸಾಲೆಯಲ್ಲಿ ಮೂರು ಮಂದಿಯ ಏದುಸಿರು ಬಿಟ್ಟು ಬೇರೆ ಸದ್ದಿರಲಿಲ್ಲ.

"ಸಾಕು, ಬಿಡ್ರಿ" ಎಂದರು ಅಯ್ಯನವರು. "ಈಗ ತಾಯಿಗೆ ಮಣ್ಣ ಕೊಟ್ಟು ಬಂದ ಕೈ ಅದು."

ಗುರುಬಸಪ್ಪ ಎದ್ದ. ಬೆವರು ಒರೆಸಿಕೊಂಡ. "ಹಂಗಾರ ಆತು. ಬರೂದಿಲ್ಲ ಅಂತ ಬರೀರಿ. ನಾಳೆ ಕೋರ್ಟಿಗೆ ಹೋಗತೇನಿ. ಪಾಲಕ ನಾ ಆಗತೇನಿ."

"ಹೋಗ್ರಿ, ಕಾಕಾ" ಎಂದಳು ನಾಗವ್ವ. ಅವಳ ದನಿ ಅವಳಿಗೇ ಅವ್ವನ ದನಿಯ ಹಾಗೆ ಕೇಳಿಸಿತು. ಈ ಸಲ ಅವಳು ತಡೆಯಲಿಲ್ಲ. "ಬರತೈತಿ, ನನಗೂ ಒಪ್ಪಿಗಿ ಐತಿ ಅಂತ ಈಗಷ್ಟ ನೀವ ಹೇಳೀರಿ. 'ಎಲ್ಲಾರೂ ಕೇಳೀರಲ್ಲ' ಅಂತ ಮುಂಜಾನೆ ನೀವ ಕೇಳೀರಿ. ಇಲ್ಲಿ ಕುಂತಾವ್ರು ಯಾರ ಕಿವುಡರಲ್ಲ. ಒಬ್ಬೊಬ್ಬರನ್ನ ಸಾಕ್ಷಿಗೆ ಕರಸ್ತೇನಿ. ಕರಸೂದು ನಮ್ಮ ಮನ್ಯಾಗ ರೂಢಿ ಐತಿ."

ಸಂಘದವರಲ್ಲೊಬ್ಬ ಚಪ್ಪಲಿ ಹುಡುಕತೊಡಗಿದ. ಚುನಾವಣೆಗೆ ಒಂದು ತಿಂಗಳಿರುವಾಗ ಕೋರ್ಟಿನ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ಇನ್ನೊಬ್ಬ ಅವನ ಹಿಂದೆ ಎದ್ದ.

"ನಿನ್ನ ಸಹಿ?" ಎಂದ ಗುರುಬಸಪ್ಪ.

"ನಾನೂ ಹಾಕೂದಿಲ್ಲ."

ಅವನು ಮಸಿ ಚೆಲ್ಲಿದ ಛಾಪಾ ಕಾಗದವನ್ನು ಮಡಿಸಿ ಒಳಗಿಟ್ಟುಕೊಂಡ. ಬಾಗಿಲಲ್ಲಿ ನಿಂತು, "ಈ ಹುಚ್ಚನ ಜೋಡಿ ಎಷ್ಟ ದಿನ ಇರತಿ, ನೋಡತೇನಿ" ಎಂದ. ಜೀಪು ಹಿಂದಕ್ಕೆ ಸರಿದು ಓಣಿಯ ಬಾಯಿ ತೆರೆಯಿತು.

ಅಪ್ಪಾಸಾಬ ಮಾತ್ರ ಉಳಿದ. ಛತ್ರಿಯನ್ನು ಬಗಲಿಗೆ ಇಟ್ಟುಕೊಂಡು, ಅವಳ ಮುಖ ನೋಡದೆ ಕೇಳಿದ.

"ಕಡೇ ಬಸ್ಸಿಗೆ ಬರತಿಯೋ?"

"ಇಲ್ಲ."

"ಕಬ್ಬ ಹೊಲದಾಗ ಒಣಗಿದ್ರ ನಿನ್ನ ಹೆಸರ ಹೇಳತೇನಿ."

"ಹೇಳ್ರಿ."

ಅವನು ಹೋದ. ದಾದಾಸಾಬ ಶಿದ್ರಾಮನ ಅಂಗಿಯನ್ನು ಗೂಟಕ್ಕೆ ತಗುಲಿಸಿ, "ಐದ ದಿನ ಆದ ಮ್ಯಾಲ ಕೆಲಸಕ್ಕ ಕಳಸ್ರಿ, ಅಕ್ಕಾ" ಎಂದಷ್ಟೇ ಹೇಳಿ ಹೊರಟ.

ಹೊರಗೆ ಬೆಳಕು ಇನ್ನೂ ಇತ್ತು. ನಾಗವ್ವ ಚಾಪೆಯ ಮೇಲೆ ಕೂತು ಕಾಗದಗಳನ್ನು ಒಟ್ಟು ಮಾಡತೊಡಗಿದಳು. ಒಂದೊಂದನ್ನೂ ಓದಿದಳು: ಇದು ಹಸಿರಿಗೆ, ಇದು ಕೆಂಪಿಗೆ. ಬೆನ್ನಿನ ಮೇಲಿನ ಕನ್ನಡದ ಸಾಲುಗಳು ಅವಳಿಗೆ ಓದಲು ಬರುತ್ತಿರಲಿಲ್ಲ. ಒಂದೆರಡನ್ನು ಬೆಳಕಿಗೆ ಹಿಡಿದು ನೋಡಿ ಹಾಗೆಯೇ ಇಟ್ಟಳು. ಕೆಲವು ಎಲ್ಲಿಗೆ ಸೇರಬೇಕೆಂದು ತಿಳಿಯದೆ ಪಕ್ಕಕ್ಕೆ ಸರಿಸಿದಳು. ನಾಳೆ ಅವನ್ನು ಮುತ್ತವ್ವನಿಗೋ ಅಯ್ಯನವರಿಗೋ ತೋರಿಸಿ ಓದಿಸಬೇಕು. ಸರಕಾರಿ ಡಾಕ್ಟರ ಕಾಗದ ಕಾಕಾನ ಕೈಗೆ ಹೋಯಿತೇ ಇಲ್ಲೇ ಉಳಿಯಿತೇ, ಹುಡುಕಿದಳು. ಉಳಿದಿತ್ತು, ಟೋಪಿ ಬಿದ್ದಲ್ಲಿ, ಮಸಿಯ ಒಂದು ಹನಿಯ ಸಮೇತ.

ಮುತ್ತವ್ವ ಎರಡು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಹೋದಳು. ಶಿದ್ರಾಮ ಮುಟ್ಟಲಿಲ್ಲ. ಗೋಡೆಗೆ ಒರಗಿ, ಗಲ್ಲ ಹಸಿಯಾಗಿಯೇ ಇಟ್ಟುಕೊಂಡು, ಬಲಗೈ ತೊಡೆಯ ಮೇಲೆ ಇಟ್ಟು ಕೂತಿದ್ದ.

"ಶಿದ್ರಾಮಾ, ಉಣ್ಣು."

ಅವನು ಬಾಗಿಲ ಕಡೆ ಕಣ್ಣು ಹೊರಳಿಸಿದ. "ಹ್ವಾದ್ರಾ?"

"ಹ್ವಾದ್ರು. ಎಲ್ಲಾರೂ ಹ್ವಾದ್ರು."

ಅವನು ಬಾಯಿ ಮುಚ್ಚಿದ. ಎಡಗೈಯಿಂದ ಗಲ್ಲ ಒರೆಸಿಕೊಂಡ. ಆಮೇಲೆ ಬಲ ಮುಷ್ಟಿಯನ್ನು ಬಿಚ್ಚತೊಡಗಿದ, ಒಂದು ಬೆರಳು, ನಿಂತು ಇನ್ನೊಂದು. ಒಳಗೆ ಹೆಬ್ಬೆರಳು ರಕ್ತವಿಲ್ಲದೆ, ಮೊಳಕೆಯ ಹಾಗೆ ಬೆಳ್ಳಗೆ ಬಾಗಿ ಮಲಗಿತ್ತು. ನಾಗವ್ವ ಹತ್ತಿರ ಸರಿದು ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅದರ ಬಣ್ಣ ತಿರುಗುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತರು.